ಮನೆಗಿಂತ ಮೊದಲು ನೆರೆಮನೆ



ಮದುವೆಯಾಗಿ ಎರಡು ಮೂರು ತಿಂಗಳೊಳಗೆ ಗಂಡನ ಜೊತೆ ಬೆಂಗಳೂರಿಗೆ ಹೊರಡುವ ಹುಡುಗಿಯರನ್ನು ನಮ್ಮ ಕರಾವಳಿಯ ಪ್ರತಿ ಮೊಹಲ್ಲಾದಲ್ಲೂ ಕಾಣಬಹುದು. ಹಿಂದೆ ಗಲ್ಫ್‌ಗೆ ಹೋದವನು ಹೆಂಡತಿಯನ್ನು ಊರಿನಲ್ಲಿ ಬಿಟ್ಟು ಹೋಗುತ್ತಿದ್ದ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದ. ಈಗ ಬೆಂಗಳೂರಿನ ಕಂಪೆನಿಯಲ್ಲೋ ಆಸ್ಪತ್ರೆಯಲ್ಲೋ ಅಂಗಡಿಯಲ್ಲೋ ಕೆಲಸ ಸಿಕ್ಕವನು ಹೆಂಡತಿಯನ್ನೂ ಕರೆದೊಯ್ಯುತ್ತಾನೆ. ಇದು ಸಂತೋಷದ ವಿಷಯ. ಗಂಡ ಹೆಂಡತಿ ಒಂದೇ ಸೂರಿನಡಿ ಇರುವುದೇ ಸಂಸಾರಕ್ಕೆ ಚೆಂದ.

ಹೊರಡುವ ಮೊದಲು ಎರಡೂ ಮನೆಯವರು ಸೇರಿ ಲೆಕ್ಕ ಹಾಕುತ್ತಾರೆ. ಬಾಡಿಗೆ ಎಷ್ಟು? ಅಡ್ವಾನ್ಸ್ ಎಷ್ಟು? ಆಫೀಸಿಗೆ ಎಷ್ಟು ದೂರ? ಬೈಕ್ ನಿಲ್ಲಿಸಲು ಜಾಗ ಇದೆಯೇ? ಎಲ್ಲವೂ ಕೇಳಬೇಕಾದ ಪ್ರಶ್ನೆಗಳೇ. ಆದರೆ ಒಂದು ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದಿಲ್ಲ. ಬೆಳಿಗ್ಗೆ ಎಂಟೂವರೆಗೆ ಅವನು ಮನೆ ಬಿಟ್ಟ ಮೇಲೆ ರಾತ್ರಿ ಎಂಟಕ್ಕೆ ಮರಳುವ ತನಕ ಆ ಹುಡುಗಿ ಯಾರೊಡನೆ ಮಾತಾಡುತ್ತಾಳೆ?

ನನ್ನ ಬಳಿ ಕಲಿತ ಒಬ್ಬ ಹುಡುಗಿ ಮದುವೆಯಾಗಿ ಬೆಂಗಳೂರಿಗೆ ಹೋಗಿ ನಾಲ್ಕು ತಿಂಗಳಾದಾಗ ಫೋನ್ ಮಾಡಿದ್ದಳು. ಮೂರನೇ ಮಹಡಿಯಲ್ಲಿ ಹೊಸ ಮನೆ, ಒಳ್ಳೆಯ ಗಂಡ, ಯಾವ ಕೊರತೆಯೂ ಇಲ್ಲ ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರ್, ಇವತ್ತು ಬೆಳಿಗ್ಗೆಯಿಂದ ನಾನು ಮಾತಾಡಿದ್ದು ಗ್ಯಾಸ್ ತಂದವನ ಹತ್ತಿರ ಮಾತ್ರ. ಅದೂ ಎರಡೇ ಮಾತು" ಎಂದಳು. ಅವಳಿಗೆ ಕಾಯಿಲೆ ಏನೂ ಇರಲಿಲ್ಲ, ಗಂಡನ ಮೇಲೆ ದೂರೂ ಇರಲಿಲ್ಲ. ಹತ್ತು ಜನರ ಮನೆಯಲ್ಲಿ ಬೆಳೆದ ಹೆಣ್ಣು ಇದ್ದಕ್ಕಿದ್ದಂತೆ ನಾಲ್ಕು ಗೋಡೆಗಳ ನಡುವೆ ಒಂಟಿಯಾಗಿದ್ದಳು, ಅಷ್ಟೇ. ಆದರೆ ಆ 'ಅಷ್ಟೇ' ಎಂಬುದು ಸಣ್ಣದಲ್ಲ. ಎಷ್ಟೋ ಹೊಸ ಸಂಸಾರಗಳಲ್ಲಿ ಕಾರಣವಿಲ್ಲದ ಅಳು, ಸಿಡುಕು, ತವರಿಗೆ ಹೋಗುತ್ತೇನೆಂಬ ಹಟ, ಇವೆಲ್ಲದರ ಬೇರು ಅಲ್ಲಿದೆ. ಗಂಡ ಅದನ್ನು ತನ್ನ ಮೇಲಿನ ಬೇಸರ ಎಂದು ತಿಳಿಯುತ್ತಾನೆ. ಊರಿನಲ್ಲಿ ಅತ್ತೆ ಅದನ್ನು ಸೊಸೆಯ ಅಹಂಕಾರ ಎಂದು ತಿಳಿಯುತ್ತಾರೆ.

ಆದ್ದರಿಂದ ಈ ಸಲ ಹೊಸ ಊರಿನಲ್ಲಿ ಬಡಾವಣೆ ಆರಿಸುವ ಮತ್ತು ಸ್ನೇಹ ಬೆಳೆಸುವ ವಿಚಾರವನ್ನೇ ತುಸು ವಿವರವಾಗಿ ಮಾತಾಡೋಣ.

ದೀನ್ ಏನು ಕಲಿಸುತ್ತದೆ?

ಮನೆ ನೋಡುವ ಮೊದಲು ನೆರೆಯವರನ್ನು ನೋಡು ಎಂಬ ಅರ್ಥದ ಮಾತೊಂದು ಅರಬರಲ್ಲಿ ಪ್ರಚಲಿತವಾಗಿದೆ. ಫಿರ್‌ಔನನ ಪತ್ನಿಯ ಪ್ರಾರ್ಥನೆ ಪವಿತ್ರ ಕುರ್‌ಆನಿನ ತಹ್ರೀಮ್ ಅಧ್ಯಾಯದ 11ನೇ ಸೂಕ್ತದಲ್ಲಿದೆ. ಸ್ವರ್ಗದಲ್ಲಿ ತನಗೊಂದು ಮನೆಯನ್ನು ಆಕೆ ಬೇಡುತ್ತಾರೆ. ಆದರೆ ಆ ಮನೆ ಅಲ್ಲಾಹನ ಸಾಮೀಪ್ಯದಲ್ಲಿರಬೇಕೆಂಬುದನ್ನು ಮೊದಲು ಹೇಳಿ, ಮನೆಯ ಮಾತನ್ನು ಆಮೇಲೆ ಹೇಳುತ್ತಾರೆ. ಮನೆಗಿಂತ ಮೊದಲು ಆಕೆ ನೆರೆಯನ್ನು ಆರಿಸಿಕೊಂಡರು ಎಂದು ವಿದ್ವಾಂಸರು ಇದನ್ನು ವಿವರಿಸಿದ್ದಾರೆ. ಅರಮನೆಯಲ್ಲಿದ್ದ ಹೆಣ್ಣು ಅವರು. ದೊಡ್ಡ ಮನೆಯೊಂದೇ ಸುಖವಲ್ಲ ಎಂಬುದು ಅವರಿಗೆ ಗೊತ್ತಿಲ್ಲದೆ ಮತ್ತೆ ಯಾರಿಗೆ ಗೊತ್ತಿದ್ದೀತು?

ಮನುಷ್ಯನ ಸೌಭಾಗ್ಯದಲ್ಲಿ ಸೇರಿದ ನಾಲ್ಕು ಸಂಗತಿಗಳನ್ನು ಪ್ರವಾದಿ(ಸ) ಎಣಿಸಿದ್ದು ಇಬ್ನು ಹಿಬ್ಬಾನ್‌ರ ಸಂಗ್ರಹದಲ್ಲಿದೆ. ಸಜ್ಜನಳಾದ ಪತ್ನಿ, ವಿಶಾಲವಾದ ಮನೆ, ಒಳ್ಳೆಯ ನೆರೆಯವರು, ಆರಾಮದ ವಾಹನ. ನೋಡಿ, ಹೊಸ ದಂಪತಿ ಮಾಡುವ ಲೆಕ್ಕದ ಎಲ್ಲವೂ ಇದರಲ್ಲಿದೆ. ನಮ್ಮ ಲೆಕ್ಕದಲ್ಲಿ ಬಿಟ್ಟುಹೋಗುವುದು ಮೂರನೆಯದು ಮಾತ್ರ. ಅನ್ನಿಸಾ ಅಧ್ಯಾಯದ 36ನೇ ಸೂಕ್ತವು ತಂದೆತಾಯಿ, ಬಂಧುಗಳು, ಅನಾಥರು, ಬಡವರ ಜೊತೆಯಲ್ಲೇ ಸಂಬಂಧಿಕರಾದ ನೆರೆಯವರು, ಅಪರಿಚಿತ ನೆರೆಯವರು ಮತ್ತು ಪಕ್ಕದಲ್ಲಿರುವ ಜೊತೆಗಾರರನ್ನೂ ಹೆಸರಿಸಿ ಅವರೊಡನೆ ಒಳಿತಿನಿಂದ ವರ್ತಿಸಲು ಆಜ್ಞಾಪಿಸುತ್ತದೆ. ನೆರೆಯವರು ಮುಸ್ಲಿಮರೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ.

ಬಡಾವಣೆ ಯಾರಿಗಾಗಿ?

ಮನೆ ಹುಡುಕಲು ಸಾಮಾನ್ಯವಾಗಿ ಹೋಗುವವನು ಗಂಡ. ಆದರೆ ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವಳು ಹೆಂಡತಿ. ಆದ್ದರಿಂದ ಸಾಧ್ಯವಿದ್ದರೆ ಒಮ್ಮೆಯಾದರೂ ಅವಳನ್ನು ಕರೆದುಕೊಂಡು ಹೋಗಿ ತೋರಿಸಿ, ಆಮೇಲೆ ಅಡ್ವಾನ್ಸ್ ಕೊಡಬೇಕು. ಒಂದು ವಾರ ಬಂಧುಗಳ ಮನೆಯಲ್ಲಿ ಉಳಿದು ಹುಡುಕಿದರೂ ನಷ್ಟವಿಲ್ಲ.

ಆಫೀಸಿನ ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ, ಗಂಟೆಯಲ್ಲಿ ಅಳೆಯಿರಿ. ಬೆಂಗಳೂರಿನಲ್ಲಿ ಹತ್ತು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯುವ ರಸ್ತೆಗಳಿವೆ. ಗಂಡ ದಾರಿಯಲ್ಲಿ ಕಳೆಯುವ ಪ್ರತಿ ಗಂಟೆಯೂ ಹೆಂಡತಿ ಒಬ್ಬಳೇ ಇರುವ ಗಂಟೆ. ಹಾಗೆಂದು ಆಫೀಸಿನ ಗೇಟಿನ ಎದುರೇ ಮನೆ ಬೇಕೆಂದಿಲ್ಲ. ಮೆಟ್ರೊ ಬಂದ ಮೇಲೆ ಲೆಕ್ಕ ಬದಲಾಗಿದೆ. ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ನೇರಳೆ ಮಾರ್ಗ 2023ರ ಅಕ್ಟೋಬರಿನಲ್ಲಿ ಪೂರ್ಣವಾಯಿತು. ಆರ್.ವಿ. ರಸ್ತೆಯಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗ 2025ರ ಆಗಸ್ಟಿನಲ್ಲಿ ಆರಂಭವಾಯಿತು. ಹಿಂದೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸವಿದ್ದವರು ಅಲ್ಲೇ ಹೊಸ ಲೇಔಟಿನಲ್ಲಿ ಮನೆ ಹಿಡಿಯುತ್ತಿದ್ದರು. ಸುತ್ತ ಖಾಲಿ ಸೈಟು, ದೂರದಲ್ಲಿ ಒಂದು ಅಂಗಡಿ. ಈಗ ತಿಲಕ್‌ನಗರ, ಗುರಪ್ಪನಪಾಳ್ಯ, ಬಿಟಿಎಂ ಲೇಔಟ್ ಕಡೆ ಮನೆ ಮಾಡಿ ಜಯದೇವ ಅಥವಾ ಬಿಟಿಎಂ ನಿಲ್ದಾಣದಿಂದ ಮೆಟ್ರೊ ಹತ್ತಬಹುದು. ಗಂಡನಿಗೆ ದಾರಿ ಸುಗಮ, ಹೆಂಡತಿಗೆ ಹಳೆಯ, ಜನರಿರುವ ಬಡಾವಣೆ.

ಮನೆ ನೋಡುವಾಗ ಸಹೋದರಿಯರು ಇವನ್ನು ಗಮನಿಸಬೇಕು:

ನಡೆದು ಹೋಗುವಷ್ಟು ದೂರದಲ್ಲಿ ಏನೇನಿದೆ? ತರಕಾರಿ ಅಂಗಡಿ, ಔಷಧದ ಅಂಗಡಿ, ಹಲಾಲ್ ಮಾಂಸದ ಅಂಗಡಿ, ಲೇಡಿ ಡಾಕ್ಟರ್, ಬಸ್ ನಿಲ್ದಾಣ. ಈ ಐದರಲ್ಲಿ ಮೂರಾದರೂ ನಿಮ್ಮ ಕಾಲಿಗೆ ಎಟುಕುವಂತಿರಲಿ. ಒಂದು ಸೊಪ್ಪಿನ ಕಟ್ಟಿಗೂ ಗಂಡನ ಬೈಕ್ ಕಾಯಬೇಕಾದ ಮನೆ ಎಷ್ಟೇ ಚೆಂದವಿರಲಿ, ಅದು ಪಂಜರ. 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವಿದೆ. ಬೆಂಗಳೂರಿನ ಬಿಎಂಟಿಸಿ ಸಾಮಾನ್ಯ ಬಸ್ಸುಗಳಿಗೂ ಅದು ಅನ್ವಯಿಸುತ್ತದೆ. ಬಸ್ ನಿಲ್ದಾಣ ಹತ್ತಿರವಿದ್ದರೆ ಕೈಯಲ್ಲಿ ಹಣವಿಲ್ಲದ ದಿನವೂ ನೀವು ಕುರ್‌ಆನ್ ತರಗತಿಗೋ ಗೆಳತಿಯ ಮನೆಗೋ ಹೋಗಿ ಬರಬಹುದು.

ನೀರು ಎಲ್ಲಿಂದ ಬರುತ್ತದೆ? ಕರಾವಳಿಯಲ್ಲಿ ಬಾವಿ ನೋಡಿ ಬೆಳೆದ ನಮಗೆ ಈ ಪ್ರಶ್ನೆ ಹೊಳೆಯುವುದೇ ಇಲ್ಲ. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಹೊರವಲಯದ ಬಡಾವಣೆಗಳು ನೀರಿಗಾಗಿ ಪಟ್ಟ ಪಾಡನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತದ ಯೋಜನೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ಉದ್ಘಾಟನೆಯಾಯಿತು. ಆದರೂ ನಿಮ್ಮ ಕಟ್ಟಡಕ್ಕೆ ಕಾವೇರಿ ಸಂಪರ್ಕ ಇದೆಯೇ, ಬೋರ್‌ವೆಲ್ಲೇ, ಟ್ಯಾಂಕರೇ, ಟ್ಯಾಂಕರಿನ ಹಣ ಯಾರು ಕೊಡಬೇಕು ಎಂದು ಮೊದಲೇ ಕೇಳಿ. ಮಾಲೀಕರ ಹತ್ತಿರ ಕೇಳುವುದಕ್ಕಿಂತ ಕೆಳಗಿನ ಮನೆಯ ಹೆಂಗಸಿನ ಹತ್ತಿರ ಕೇಳಿದರೆ ನಿಜ ತಿಳಿಯುತ್ತದೆ. ಆ ಮಾತುಕತೆಯೇ ನಿಮ್ಮ ಮೊದಲ ಪರಿಚಯವೂ ಆಗುತ್ತದೆ.

ಆ ಬೀದಿಯಲ್ಲಿ ಹೆಂಗಸರು ಕಾಣುತ್ತಾರೆಯೇ? ಅಸರ್ ಮತ್ತು ಮಗ್ರಿಬ್ ನಡುವಿನ ಹೊತ್ತಿನಲ್ಲಿ ಒಮ್ಮೆ ಹೋಗಿ ನೋಡಿ. ಮಕ್ಕಳು ಆಡುತ್ತಿದ್ದರೆ, ಬಾಗಿಲಲ್ಲಿ ಅಜ್ಜಿಯೊಬ್ಬರು ಕುಳಿತಿದ್ದರೆ, ಹೆಂಗಸರು ಮಕ್ಕಳನ್ನು ಕೈಹಿಡಿದು ನಡೆಸಿಕೊಂಡು ಬರುತ್ತಿದ್ದರೆ ಅದು ವಾಸಕ್ಕೆ ಯೋಗ್ಯವಾದ ಬೀದಿ. ಎಲ್ಲ ಬಾಗಿಲುಗಳೂ ಮುಚ್ಚಿದ್ದು ಬೀದಿಯಲ್ಲಿ ವಾಹನಗಳು ಮಾತ್ರ ಇದ್ದರೆ ಇನ್ನೊಂದು ಮನೆ ನೋಡಿ.

ಹಣದ ಮಾತು ಚುಟುಕಾಗಿ ಹೇಳುತ್ತೇನೆ. ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಆಗಿ ಕೇಳುವುದು ಬೆಂಗಳೂರಿನ ಹಳೆಯ ವಾಡಿಕೆ. ಕಡಿಮೆ ಮಾಡಿಸಲು ಸಂಕೋಚಪಡಬೇಡಿ. ಬಿಟ್ಟು ಹೋಗುವಾಗ ಪೇಂಟಿಂಗಿಗೆಂದು ಎಷ್ಟು ಮುರಿದುಕೊಳ್ಳುತ್ತಾರೆ ಎಂಬುದನ್ನು ಕರಾರಿನಲ್ಲಿ ಬರೆಸಿ. ಹನ್ನೊಂದು ತಿಂಗಳ ಕರಾರು ಯಾಕೆ ಎಂದು ಹಲವರು ಕೇಳುತ್ತಾರೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕು. ಅದನ್ನು ತಪ್ಪಿಸಲು ಹನ್ನೊಂದು ತಿಂಗಳು.

ಇನ್ನು 'ಲೀಸ್' ಅಥವಾ ಭೋಗ್ಯದ ಮನೆ. ಮಾಲೀಕನಿಗೆ ಒಂದೇ ಸಲ ದೊಡ್ಡ ಮೊತ್ತ ಕೊಡುವುದು, ತಿಂಗಳ ಬಾಡಿಗೆ ಇಲ್ಲದೆ ವಾಸ ಮಾಡುವುದು, ಅವಧಿ ಮುಗಿದಾಗ ಹಣ ಪೂರ್ತಿ ಹಿಂದೆ ಪಡೆಯುವುದು. ಬಾಡಿಗೆ ಉಳಿಯಿತೆಂದು ನಮ್ಮವರೂ ಇದಕ್ಕೆ ಹೋಗುತ್ತಾರೆ. ಆದರೆ ಕೊಟ್ಟ ಹಣ ಸಾಲದಂತೆ ಹಿಂದೆ ಬರುವುದರಿಂದ, ನಡುವೆ ಮನೆಯಿಂದ ಪಡೆದ ಲಾಭ ಬಡ್ಡಿಯಾಗುತ್ತದೆ ಎಂದು ಹಲವು ಉಲಮಾಗಳು ಇದನ್ನು ಆಕ್ಷೇಪಿಸಿದ್ದಾರೆ. ನಿಮ್ಮ ಆಲಿಮರ ಬಳಿ ಕೇಳದೆ ಮುಂದುವರಿಯಬೇಡಿ. ದೀನಿನ ಮಾತು ಒಂದೆಡೆಯಿರಲಿ, ಆ ಮನೆಯ ಮೇಲೆ ಮೊದಲೇ ಬ್ಯಾಂಕಿನ ಸಾಲವಿದ್ದರೆ ನಿಮ್ಮ ಹಣಕ್ಕೂ ಅಪಾಯ.

'ನಮ್ಮವರ' ಬಡಾವಣೆಯೋ, ಬೇರೆಯದೋ?

ಇದು ಕಷ್ಟದ ಪ್ರಶ್ನೆ. ಫೋನಿನಲ್ಲಿ ಮನೆ ಖಾಲಿ ಇದೆ ಎಂದವರು ಹೆಸರು ಕೇಳಿದ ಮೇಲೆ ಈಗ ತಾನೇ ಕೊಟ್ಟುಬಿಟ್ಟೆವು ಎನ್ನುವುದು ಇಂದಿಗೂ ನಡೆಯುತ್ತದೆ. ಅನುಭವಿಸಿದ ಹೆಣ್ಣುಮಕ್ಕಳಿಗೆ ಅದರ ನೋವು ಗೊತ್ತು. ಇದಕ್ಕೆ ನನಗೆ ತೋಚುವ ದಾರಿ ಇಷ್ಟು. ಮೊದಲ ಮಾತಿನಲ್ಲೇ ಹೆಸರು ಹೇಳಿಬಿಡಿ, ಮೀನು ಮಾಂಸ ಮಾಡುತ್ತೇವೆಂದೂ ಹೇಳಿಬಿಡಿ. ಬೇಡವೆನ್ನುವವರು ಅಲ್ಲೇ ಬೇಡವೆನ್ನಲಿ. ಬಿಸಿಲಿನಲ್ಲಿ ಹೋಗಿ ಬಾಗಿಲಲ್ಲಿ ನಿಂತು ಕೇಳುವ ಅವಮಾನ ಉಳಿಯುತ್ತದೆ. ಸುಳ್ಳು ಹೇಳಿ, ಬೇರೆಯವರ ಹೆಸರಿನಲ್ಲಿ ಮನೆ ಹಿಡಿಯಬೇಡಿ. ಅಂಥ ಮನೆಯಲ್ಲಿ ಪ್ರತಿ ದಿನ ಅಡುಗೆಯ ವಾಸನೆಗೂ ಹೆದರಿ ಬದುಕಬೇಕಾಗುತ್ತದೆ. ಹತ್ತು ಕಡೆ ಬೇಡವೆಂದವರಿಗೆ ಹನ್ನೊಂದನೆಯ ಕಡೆ ಹಿಂದೂ ಯಜಮಾನಿಯೇ ತಾಯಿಯಂತೆ ಸಿಕ್ಕಿದ ಉದಾಹರಣೆಗಳೂ ಬೇಕಾದಷ್ಟಿವೆ.

ಇದೇ ಹೊತ್ತಿನಲ್ಲಿ ನಮ್ಮ ಕಡೆಗೂ ನೋಡಿಕೊಳ್ಳೋಣ. ನಮ್ಮ ಮೇಲ್ಮಹಡಿ ಖಾಲಿಯಿದ್ದಾಗ ನಾವು ಏನೇನು ಕೇಳುತ್ತೇವೆ? ಯಾವ ಜಮಾಅತ್, ಯಾವ ಭಾಷೆ, ಯಾವ ಊರಿನವರು? ಬೇರೆ ಧರ್ಮದವರು ಬಂದು ಕೇಳಿದರೆ ನಾವು ಕೊಡುತ್ತೇವೆಯೇ? ನಮಗೆ ಆದ ನೋವನ್ನು ನಾವು ಇನ್ನೊಬ್ಬರಿಗೆ ಕೊಡಬಾರದು.

ಶಿವಾಜಿನಗರ, ಫ್ರೇಜರ್ ಟೌನ್, ಟ್ಯಾನರಿ ರೋಡ್, ಆರ್.ಟಿ. ನಗರ, ತಿಲಕ್‌ನಗರಗಳಂಥ ಕಡೆ ಮುಸ್ಲಿಮ್ ಕುಟುಂಬಗಳು ಬಹಳ. ಹತ್ತಿರದಲ್ಲಿ ಬಾಂಗ್ ಕೇಳುತ್ತದೆ, ಹಲಾಲ್ ಚಿಂತೆಯಿಲ್ಲ, ರಮಝಾನಿನ ರಾತ್ರಿಗಳು ಜೀವಂತವಾಗಿರುತ್ತವೆ. ಹೊಸದಾಗಿ ಬಂದ ಹೆಣ್ಣಿಗೆ ಇದು ದೊಡ್ಡ ಆಸರೆ. ಆದರೆ ಅಲ್ಲಿ ಮನೆ ಸಿಕ್ಕಿದ ಕೂಡಲೇ ಸ್ನೇಹವೂ ಸಿಕ್ಕಿತೆಂದು ತಿಳಿಯಬೇಡಿ. ಸುತ್ತ ಐನೂರು ಮುಸ್ಲಿಮ್ ಮನೆಗಳಿದ್ದೂ ಒಂಟಿಯಾಗಿರುವವರಿದ್ದಾರೆ. ಬೇರೆ ಬಡಾವಣೆಯಲ್ಲಿ ಒಂದೇ ಮುಸ್ಲಿಮ್ ಮನೆಯಾಗಿದ್ದೂ ಇಡೀ ಕಟ್ಟಡಕ್ಕೆ ಬೇಕಾದವರಾಗಿ ಬದುಕುವವರೂ ಇದ್ದಾರೆ. ಬೇರೆ ಬಡಾವಣೆ ಆರಿಸುವುದಾದರೆ ಎರಡು ವಿಷಯ ಖಚಿತಪಡಿಸಿಕೊಳ್ಳಿ. ಮಸೀದಿ ಅಥವಾ ಮಹಿಳೆಯರ ಕುರ್‌ಆನ್ ತರಗತಿಗೆ ಒಂದೇ ಬಸ್ಸಿನಲ್ಲಿ ಹೋಗಿ ಬರುವಂತಿರಬೇಕು. ಮುಂದೆ ಮಕ್ಕಳಾದಾಗ ಮದ್ರಸಕ್ಕೆ ದಾರಿ ಇರಬೇಕು.

ನಮ್ಮವರ ನಡುವೆಯೂ ಹೊಸತಿದೆ

ಕರಾವಳಿಯಿಂದ ಹೋದವರಿಗೆ ಬೆಂಗಳೂರಿನ ಮುಸ್ಲಿಮ್ ಬಡಾವಣೆಯೂ ಸ್ವಲ್ಪ ಪರವೂರೇ. ಮನೆಯಲ್ಲಿ ನಮ್ಮದು ಬ್ಯಾರಿ ಭಾಷೆ, ಅಲ್ಲಿ ಉರ್ದು. ನಮಗೆ ಕುಚ್ಚಲಕ್ಕಿ, ಬಂಗುಡೆ, ಪತ್ತಿರ್ ಬೇಕು, ಅಲ್ಲಿ ಬೇರೆಯೇ ರುಚಿ. ನಾವು ಶಾಫಿಈ ಮದ್‌ಹಬಿನವರು, ಅಲ್ಲಿನ ಹೆಚ್ಚಿನ ಮಸೀದಿಗಳು ಹನಫಿ. ವಸ್ತುವಿನ ನೆರಳು ಅದರಷ್ಟೇ ಉದ್ದವಾದಾಗ ನಮ್ಮಲ್ಲಿ ಅಸರ್ ಸಮಯ ಆರಂಭ, ಹನಫಿಗಳಲ್ಲಿ ನೆರಳು ಎರಡರಷ್ಟಾದಾಗ. ಹಾಗಾಗಿ ಅಸರ್ ಬಾಂಗ್ ಊರಿಗಿಂತ ತಡವಾಗಿ ಕೇಳಿಸುತ್ತದೆ. ಹೊಸದಾಗಿ ಹೋದ ಹುಡುಗಿ ಗಾಬರಿಯಾಗಿ ಗಡಿಯಾರ ನೋಡುತ್ತಾಳೆ. ಈದ್ ಕೂಡ ಹಾಗೆಯೇ. ಕರಾವಳಿಯವರು ಹೆಚ್ಚಾಗಿ ಕೇರಳದ ಚಂದ್ರದರ್ಶನವನ್ನು ಅನುಸರಿಸುವುದರಿಂದ ಕೆಲವು ವರ್ಷ ಒಂದು ದಿನ ಮೊದಲೇ ಈದ್ ಆಗುತ್ತದೆ. 2024ರಲ್ಲಿ ಈದುಲ್ ಫಿತ್ರ್ ಕರಾವಳಿಯಲ್ಲಿ ಏಪ್ರಿಲ್ 10ಕ್ಕೆ, ಬೆಂಗಳೂರಿನಲ್ಲಿ 11ಕ್ಕೆ. ತವರಿನಲ್ಲಿ ತಕ್ಬೀರ್ ಕೇಳುವಾಗ ಇಲ್ಲಿ ನೀವು ಉಪವಾಸದಲ್ಲಿರುತ್ತೀರಿ.

ಇವೆಲ್ಲ ವ್ಯತ್ಯಾಸಗಳೇ ಹೊರತು ಜಗಳದ ವಿಷಯಗಳಲ್ಲ. ನಾಲ್ಕೂ ಮದ್‌ಹಬ್‌ಗಳು ಸುನ್ನತ್ತಿನ ದಾರಿಗಳೇ. ನೀವು ನಿಮ್ಮ ಮನೆಯಲ್ಲಿ ನಿಮ್ಮ ಸಮಯಕ್ಕೆ ನಮಾಝ್ ಮಾಡಿ, ಪಕ್ಕದ ಮನೆಯವರು ಅವರ ಸಮಯಕ್ಕೆ ಮಾಡಲಿ. ಈದಿನ ವಿಷಯದಲ್ಲಿ ಇರುವ ಊರಿನ ಜನರೊಂದಿಗೆ ಇರುವುದೇ ಲೇಸು. 'ನಮ್ಮ ಊರಿನಲ್ಲಿ ಹೀಗಲ್ಲ' ಎಂಬ ಮಾತನ್ನು ಮೊದಲ ವರ್ಷ ಬಾಯಿಯಿಂದ ಹೊರಡದಂತೆ ನೋಡಿಕೊಳ್ಳಿ. ಸ್ನೇಹದ ಬಾಗಿಲು ಮುಚ್ಚುವುದು ಹೆಚ್ಚಾಗಿ ಈ ಒಂದು ಮಾತಿನಿಂದಲೇ. ಮುರುಕು ಉರ್ದುವಿನಲ್ಲೇ ಮಾತಾಡಿ. ಅವರು ನಗಬಹುದು. ನಕ್ಕವರು ತಿದ್ದುತ್ತಾರೆ, ತಿದ್ದಿದವರು ಹತ್ತಿರವಾಗುತ್ತಾರೆ.

ಮದೀನಾದ ಪಾಠ

ಪರವೂರಿಗೆ ಹೋದವರ ಮೊದಲ ದೊಡ್ಡ ಉದಾಹರಣೆ ನಮ್ಮ ಚರಿತ್ರೆಯಲ್ಲೇ ಇದೆ. ಕ್ರಿ.ಶ. 622ರಲ್ಲಿ ಮಕ್ಕಾ ಬಿಟ್ಟು ಮದೀನಾಕ್ಕೆ ಬಂದ ಮುಹಾಜಿರರಿಗೆ ಮನೆಯಿರಲಿಲ್ಲ, ಕಸುಬಿರಲಿಲ್ಲ. ಪ್ರವಾದಿ(ಸ) ಒಬ್ಬೊಬ್ಬ ಮುಹಾಜಿರರನ್ನು ಒಬ್ಬೊಬ್ಬ ಅನ್ಸಾರಿಯೊಂದಿಗೆ ಸಹೋದರರನ್ನಾಗಿ ಬೆಸೆದರು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಸಿಕ್ಕ ಸಹೋದರ ಸಅದ್ ಬಿನ್ ರಬೀಅ್(ರ). ಅವರು ತಮ್ಮ ಸಂಪತ್ತಿನ ಅರ್ಧವನ್ನೇ ಕೊಡಲು ಮುಂದಾದರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಬರಕತ್ತಿನ ದುಆ ಮಾಡಿ, ಪೇಟೆಯ ದಾರಿಯನ್ನಷ್ಟೇ ಕೇಳಿಕೊಂಡರು. ಗಿಣ್ಣು, ತುಪ್ಪದ ವ್ಯಾಪಾರದಿಂದ ಬದುಕು ಕಟ್ಟಿಕೊಂಡರು (ಬುಖಾರಿ).

ಈ ಘಟನೆಯಲ್ಲಿ ಇಬ್ಬರಿಗೂ ಪಾಠವಿದೆ. ಮೊದಲೇ ಅಲ್ಲಿದ್ದವರು ಬಾಗಿಲು ತೆರೆಯಬೇಕು. ಹೊಸದಾಗಿ ಬಂದವರು ಹೊರೆಯಾಗದೆ ದಾರಿ ಕೇಳಬೇಕು. ದಾರಿ ಕೇಳುವುದು ಸಣ್ಣತನವಲ್ಲ. ಒಳ್ಳೆಯ ಅಕ್ಕಿ ಎಲ್ಲಿ ಸಿಗುತ್ತದೆ, ಯಾವ ಡಾಕ್ಟರ್ ಒಳ್ಳೆಯವರು, ಹೊಲಿಗೆಯವರು ಎಲ್ಲಿದ್ದಾರೆ ಎಂದು ಪಕ್ಕದ ಮನೆಯವರನ್ನು ಕೇಳಿ. ಕೇಳಿಸಿಕೊಂಡವರಿಗೆ ತಮ್ಮನ್ನು ಗೌರವಿಸಿದರೆಂಬ ಸಂತೋಷವಾಗುತ್ತದೆ. ಬಿಎ, ಬಿಎಡ್ ಮಾಡಿ ಮನೆಯಲ್ಲಿ ಕುಳಿತಿರುವ ಸಹೋದರಿಯರು ಪೇಟೆಯ ದಾರಿ ಕೇಳಿದ ಆ ಸಹಾಬಿಯನ್ನು ನೆನೆಯಲಿ. ಕಟ್ಟಡದ ನಾಲ್ಕು ಮಕ್ಕಳಿಗೆ ಕನ್ನಡ ಹೇಳಿಕೊಡಿ. ಬೆಂಗಳೂರಿನಲ್ಲಿ ಕನ್ನಡದ ಪಾಠಕ್ಕೆ ಒದ್ದಾಡುವ ಮಕ್ಕಳು ಬಹಳ. ಮಕ್ಕಳು ಬಂದರೆ ಅವರ ಹಿಂದೆ ತಾಯಂದಿರೂ ಬರುತ್ತಾರೆ.

ಹತ್ತಿರದ ಬಾಗಿಲಿನಿಂದ ಆರಂಭಿಸಿ

ತನಗೆ ಇಬ್ಬರು ನೆರೆಯವರಿದ್ದಾರೆ, ಯಾರಿಗೆ ಉಡುಗೊರೆ ಕಳಿಸಲಿ ಎಂದು ಹ. ಆಯಿಶಾ(ರ) ಕೇಳಿದಾಗ, ಯಾರ ಬಾಗಿಲು ಹೆಚ್ಚು ಹತ್ತಿರವೋ ಅವರಿಗೆ ಎಂದು ಪ್ರವಾದಿ(ಸ) ಉತ್ತರಿಸಿದರು (ಬುಖಾರಿ). ಸ್ನೇಹ ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆಗೂ ಇದೇ ಉತ್ತರ. ಹತ್ತು ಮೈಲಿ ಆಚೆ ಊರಿನವರಾರೋ ಇದ್ದಾರೆಂದು ಭಾನುವಾರ ಕಾಯುತ್ತಾ ಕೂರುವುದಕ್ಕಿಂತ, ಎದುರು ಬಾಗಿಲನ್ನು ಇವತ್ತು ತಟ್ಟಿ. ಸಾರು ಮಾಡುವಾಗ ಸ್ವಲ್ಪ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡಲು ಪ್ರವಾದಿ(ಸ) ಅಬೂದರ್(ರ)ರಿಗೆ ಹೇಳಿದ್ದರು (ಮುಸ್ಲಿಮ್). ಹೆಂಗಸರನ್ನೇ ಕರೆದು, ನೆರೆಯಾಕೆ ಕೊಡುವುದು ಆಡಿನ ಗೊರಸಾದರೂ ಅದನ್ನು ಕೀಳಾಗಿ ಕಾಣಬಾರದೆಂದೂ ಕಲಿಸಿದ್ದರು (ಬುಖಾರಿ, ಮುಸ್ಲಿಮ್). ಪ್ರವಾದಿ(ಸ)ರ ಮನೆಯಲ್ಲೇ ತಿಂಗಳುಗಟ್ಟಲೆ ಒಲೆ ಉರಿಯದಿದ್ದಾಗ ಖರ್ಜೂರ, ನೀರಿನ ಜೊತೆ ಅನ್ಸಾರಿ ನೆರೆಯವರು ಕಳಿಸಿದ ಹಾಲು ಇತ್ತು ಎಂದು ಹ. ಆಯಿಶಾ(ರ) ನೆನೆಯುತ್ತಾರೆ.

ಎದುರು ಮನೆಯವರು ಸಸ್ಯಾಹಾರಿಗಳಾದರೆ? ಮಾಂಸ ಬೆಂದ ಪಾತ್ರೆಯದ್ದನ್ನು ಕೊಡಬೇಡಿ. ಊರಿನಿಂದ ತಂದ ತೆಂಗಿನಕಾಯಿ, ಹಲಸಿನ ಹಪ್ಪಳ, ಬಾಳೆಹಣ್ಣು, ರಮಝಾನಿನಲ್ಲಿ ಖರ್ಜೂರ ಕೊಡಿ. ಅಬ್ದುಲ್ಲಾಹ್ ಬಿನ್ ಅಮ್ರ್(ರ) ತಮ್ಮ ಮನೆಯಲ್ಲಿ ಆಡು ಕೊಯ್ದಾಗ, ಯಹೂದಿ ನೆರೆಯವರಿಗೆ ಕಳಿಸಿದಿರಾ ಎಂದು ಮನೆಯವರನ್ನು ಮತ್ತೆ ಮತ್ತೆ ವಿಚಾರಿಸಿದ್ದರು (ತಿರ್ಮಿದಿ). ಅವರು ಯುಗಾದಿಗೆ ಒಬ್ಬಟ್ಟು ತಂದು ಕೊಟ್ಟರೆ ಬಾಗಿಲಲ್ಲೇ ನಿಲ್ಲಿಸಬೇಡಿ, ಒಳಗೆ ಕರೆದು ಕೂರಿಸಿ. ತಟ್ಟೆಯನ್ನು ಖಾಲಿಯಾಗಿ ಹಿಂದಿರುಗಿಸಬಾರದೆಂಬ ನಮ್ಮ ಹಿರಿಯರ ರೂಢಿಯನ್ನು ಮರೆಯಬೇಡಿ. ಖಾಲಿಯಾಗದ ಆ ತಟ್ಟೆಯೇ ಎರಡು ಮನೆಗಳ ನಡುವೆ ಹೋಗಿ ಬರುವ ದಾರಿ.

ಈ ನೆರೆ ಯಾಕೆ ಬೇಕೆಂದು ಇನ್ನೂ ಸಂಶಯವೇ? ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 350 ಕಿಲೋಮೀಟರ್. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಇಲ್ಲ. 2018ರಲ್ಲೂ 2024ರಲ್ಲೂ ಶಿರಾಡಿಯಲ್ಲಿ ಸಂಚಾರ ನಿಂತದ್ದು ನೆನಪಿರಬಹುದು. ಮೊದಲ ಬಸಿರಿನ ಹುಡುಗಿಗೆ ನಡುರಾತ್ರಿ ರಕ್ತಸ್ರಾವವಾದರೆ, ಗಂಡ ನೈಟ್ ಶಿಫ್ಟಿನಲ್ಲಿದ್ದರೆ, ಉಮ್ಮ ಬಂದು ಮುಟ್ಟುವುದು ಮರುದಿನ. ಆ ಹೊತ್ತಿನಲ್ಲಿ ಆಟೊ ಕರೆದು ಆಸ್ಪತ್ರೆಗೆ ಕರೆದೊಯ್ಯುವವರು ಎದುರು ಬಾಗಿಲಿನವರೇ. ಅವರ ಬಾಗಿಲನ್ನು ಆ ರಾತ್ರಿಯೇ ಮೊದಲ ಬಾರಿಗೆ ತಟ್ಟುವಂತಾಗಬಾರದು.

ಫೋನಿನ ಬಗ್ಗೆಯೂ ಒಂದು ಮಾತು. ದಿನಕ್ಕೆ ಮೂರು ಗಂಟೆ ಉಮ್ಮನ ಜೊತೆ ವೀಡಿಯೊ ಕಾಲ್ ಮಾಡಿದರೆ ಒಂಟಿತನ ಹೋಗುವುದಿಲ್ಲ. ಮನಸ್ಸು ಊರಿನಲ್ಲೇ ಉಳಿಯುತ್ತದೆ, ದೇಹ ಮಾತ್ರ ಬೆಂಗಳೂರಿನಲ್ಲಿರುತ್ತದೆ. ಉಮ್ಮಂದಿರೇ, ಮಗಳ ಮೇಲಿನ ಪ್ರೀತಿಯಿಂದಲೇ ಫೋನನ್ನು ಬೇಗ ಇಟ್ಟುಬಿಡಿ. "ಇವತ್ತು ಪಕ್ಕದ ಮನೆಯವರ ಹತ್ತಿರ ಮಾತಾಡಿದಿಯಾ?" ಎಂದು ಕೇಳಿ.

ಹೊಸ ಸ್ನೇಹದಲ್ಲಿ ಎಚ್ಚರವೂ ಬೇಕು. ಗಂಡ ಹೆಂಡತಿಯ ಗುಟ್ಟನ್ನು, ಅತ್ತೆಯ ದೂರನ್ನು ಹೊಸ ಗೆಳತಿಯ ಮುಂದೆ ಬಿಚ್ಚಬೇಡಿ. ಮೊದಲ ಪರಿಚಯದಲ್ಲೇ ಚಿನ್ನ, ಹಣ ಕೊಡುವುದು, ಪಡೆಯುವುದು, ಚೀಟಿಗೆ ಸೇರುವುದು ಬೇಡ. ಇತರರ ಗೀಬತ್‌ನಿಂದಲೇ ಆರಂಭವಾದ ಸ್ನೇಹ ನಾಳೆ ನಿಮ್ಮ ಗೀಬತ್‌ನಲ್ಲೇ ಮುಗಿಯುತ್ತದೆ. ಒಂದು ವರ್ಷದಲ್ಲಿ ಒಬ್ಬ ನಿಜವಾದ ಗೆಳತಿ ಸಿಕ್ಕರೆ ಅಲ್ಲಾಹನಿಗೆ ಶುಕ್ರ್ ಹೇಳಿ, ಅದೇ ಬಹಳ.

ಗಂಡಂದಿರಿಗೂ ಹಳಬರಿಗೂ

ಈ ಪುಟವನ್ನು ಮನೆಯ ಗಂಡಸರೂ ಓದುತ್ತಾರೆಂದು ಬಲ್ಲೆ. ಸಹೋದರರೇ, ಸಂಜೆ ಬಂದು ಊಟ ಮಾಡಿ ಮೊಬೈಲ್ ಹಿಡಿಯುವ ಮೊದಲು ಅರ್ಧ ಗಂಟೆ ಹೆಂಡತಿಯ ಜೊತೆ ಬೀದಿಯಲ್ಲಿ ನಡೆಯಿರಿ. ಅಂಗಡಿಯವರಿಗೆ, ಪಕ್ಕದ ಮನೆಯವರಿಗೆ ಪರಿಚಯಿಸಿ. ನಿಮ್ಮ ಜೊತೆ ಕೆಲಸ ಮಾಡುವವರನ್ನು ಕುಟುಂಬ ಸಮೇತ ಊಟಕ್ಕೆ ಕರೆಯಿರಿ. ಹೆಂಡತಿಗೆ ಬಸ್ಸಿನ ನಂಬರ್, ಮೆಟ್ರೊ ಹತ್ತುವ ವಿಧಾನ ಒಮ್ಮೆ ಜೊತೆಯಲ್ಲಿ ಹೋಗಿ ಕಲಿಸಿ. ಕುರ್‌ಆನ್ ತರಗತಿಗೆ ಹೋಗುತ್ತೇನೆಂದರೆ ಹತ್ತು ಪ್ರಶ್ನೆ ಕೇಳಬೇಡಿ. ನಿಮ್ಮ ಕೆಲಸಕ್ಕಾಗಿ ಊರು, ತಾಯಿ, ಗೆಳತಿಯರೆಲ್ಲರನ್ನೂ ಬಿಟ್ಟು ಬಂದವಳು ಅವಳು.

ಕೊನೆಯದಾಗಿ, ಬಹಳ ವರ್ಷಗಳಿಂದ ಒಂದೇ ಊರಿನಲ್ಲಿ ಬೇರೂರಿರುವ ಸಹೋದರಿಯರೇ, ಈ ಲೇಖನ ಬೆಂಗಳೂರಿಗೆ ಹೋಗುವವರಿಗೆ ಮಾತ್ರ ಎಂದು ಪುಟ ತಿರುವಬೇಡಿ. ನೆರೆಯವರ ಬಗ್ಗೆ ಜಿಬ್ರೀಲ್(ಅ) ಎಷ್ಟು ಒತ್ತಿ ಹೇಳುತ್ತಿದ್ದರೆಂದರೆ, ಅವರಿಗೆ ವಾರಸು ಹಕ್ಕನ್ನೇ ಕೊಟ್ಟುಬಿಡುತ್ತಾರೇನೋ ಎಂದು ಪ್ರವಾದಿ(ಸ)ರಿಗೆ ಅನಿಸಿತ್ತು (ಬುಖಾರಿ, ಮುಸ್ಲಿಮ್). ಮಂಗಳೂರಿನಲ್ಲಿ, ಉಡುಪಿಯಲ್ಲಿ, ಶಿವಮೊಗ್ಗದಲ್ಲಿ ನಿಮ್ಮ ಕಟ್ಟಡದ ಮೇಲ್ಮಹಡಿಗೂ ಉತ್ತರ ಕರ್ನಾಟಕದಿಂದಲೋ ಬಿಹಾರದಿಂದಲೋ ಒಂದು ಹೊಸ ಸಂಸಾರ ಬಂದಿರಬಹುದು. ಆ ಹುಡುಗಿ ಬಟ್ಟೆ ಒಣಹಾಕಲು ಬಂದಾಗ ನಿಮ್ಮ ಕಡೆ ನೋಡಿ ನಕ್ಕಿರಬಹುದು. ಅವಳ ಭಾಷೆ ನಿಮಗೆ ಬಾರದಿರಬಹುದು. ಇವತ್ತು ಅಸರ್ ನಮಾಝ್ ಮುಗಿಸಿ, ಮನೆಯಲ್ಲಿ ಇದ್ದುದನ್ನು ಒಂದು ತಟ್ಟೆಯಲ್ಲಿ ಹಾಕಿಕೊಂಡು ಆ ಮೆಟ್ಟಿಲು ಹತ್ತಿ.

ಪರವೂರಿನಲ್ಲಿರುವ ನಮ್ಮ ಹೆಣ್ಣುಮಕ್ಕಳಿಗೆ ಅಲ್ಲಾಹನು ಒಳ್ಳೆಯ ನೆರೆಯನ್ನು ಕರುಣಿಸಲಿ, ನಮ್ಮನ್ನೂ ಒಳ್ಳೆಯ ನೆರೆಯವರನ್ನಾಗಿ ಮಾಡಲಿ. ಆಮೀನ್.